‘ಸಟೈವಾ’ ಮನೆತನದ ಹೆಸರಲ್ಲ

ಪ್ರಿಯರೇ,

‘ಅಡುಗೆಮನೆಯ ಗಿಡಗಳು’ ಲೇಖನ ತಲುಪಿತು. ಬರವಣಿಗೆ ಸರಾಗವಾಗಿದೆ, ಕೊತ್ತಂಬರಿ ಮಡಿಯ ವಿವರ ಚೆನ್ನಾಗಿದೆ. ಆದರೆ ಮೂರನೇ ಪ್ಯಾರಾ ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಗಿಡಗಳ ವೈಜ್ಞಾನಿಕ ಹೆಸರು ಕೊಡುವ ನಿಮ್ಮ ಸಾಲು ಹೀಗಿದೆ:

‘ಭತ್ತ ಒರೈಜಾ ಸಟೈವಾ, ಕೊತ್ತಂಬರಿ ಕೊರಿಯಾಂಡ್ರಮ್ ಸಟೈವಾ, ಕೇಸರಿ ಕ್ರೋಕಸ್ ಸಟೈವಾ. ಇವೆಲ್ಲ ಸಟೈವಾ ಕುಟುಂಬದವು.’

ಸಟೈವಾ ಕುಟುಂಬ ಅಂತ ಯಾವುದೂ ಇಲ್ಲ. ಅದು ಲ್ಯಾಟಿನ್ನಿನ ಗುಣವಾಚಕ. ‘ಬಿತ್ತು’ ಅನ್ನುವ ಅರ್ಥದ ಕ್ರಿಯಾಪದದಿಂದ ಬಂದದ್ದು. ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ, ಬಿತ್ತಿ ಬೆಳೆಸಿದ್ದು ಅಂತ ಅರ್ಥ. ಭತ್ತ ಹುಲ್ಲಿನ ಕುಟುಂಬದ್ದು, ಕೊತ್ತಂಬರಿ ಜೀರಿಗೆಯ ನಂಟು. ಕೆಂಪಕ್ಕಿ, ಕೆಂಪು ಮೆಣಸಿನಕಾಯಿ ಎರಡೂ ಕೆಂಪು ಅಂತ ಒಂದೇ ಮನೆಯವಾಗುತ್ತವಾ?

ಇನ್ನು ಮೊದಲ ಸಾಲು. ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರ. ‘ದೊಡ್ಡ’ ಬದಲಾಗುವುದಿಲ್ಲ, ಅಲ್ವಾ? ಲ್ಯಾಟಿನ್ನಿನಲ್ಲಿ ಬದಲಾಗುತ್ತದೆ, ನಾವು ದೊಡ್ಡವನು, ದೊಡ್ಡವಳು, ದೊಡ್ಡದು ಅನ್ನುವ ಹಾಗೆ. ಒರೈಜಾ ಸ್ತ್ರೀಲಿಂಗ, ಅದಕ್ಕೆ ಸಟೈವಾ. ಕ್ರೋಕಸ್ ಪುಲ್ಲಿಂಗ, ಸಟೈವಸ್. ಕೊರಿಯಾಂಡ್ರಮ್ ನಪುಂಸಕ, ಸಟೈವಮ್. ಸಸ್ಯಗಳ ಹೆಸರಿಡುವ ಅಂತರರಾಷ್ಟ್ರೀಯ ನಿಯಮವೂ ಈ ಹೊಂದಿಕೆ ಇರಲೇಬೇಕು ಅನ್ನುತ್ತದೆ.

ಹಾಗಂತ ಸುಮ್ನೆ ಪ್ರಾಸ ಕೂಡಿಸಬೇಡಿ. ಆ ತಪ್ಪು ನಾನು ಮಾಡಿದ್ದೇನೆ. ಕೃಷಿ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವರ್ಷ. ಹುಣಸೆಯ ಲೇಖನದಲ್ಲಿ ‘ಟ್ಯಾಮರಿಂಡಸ್ ಇಂಡಿಕಾ’ ಅಂತಿತ್ತು. ‘ಅಸ್’ ಬಂದ ಮೇಲೆ ‘ಇಂಡಿಕಸ್’ ಆಗಬೇಕು ಅಂತ ತಿದ್ದಿದೆ. ಹಾಗೇ ಅಚ್ಚಾಯಿತು. ಸಂಪಾದಕರು ಕರೆದರು. ಬೈಯಲಿಲ್ಲ. ಕಿಟಕಿಯಾಚೆಯ ಅರಳಿ ಮರ ತೋರಿಸಿ, ‘ಅದರ ಹೆಸರು ಹೇಳಪ್ಪಾ’ ಅಂದರು. ‘ಫೈಕಸ್ ರಿಲಿಜಿಯೋಸಾ’ ಅಂದೆ. ಹೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಅಲ್ಲೂ ‘ಅಸ್’ ಇದೆ, ಆದರೂ ‘ರಿಲಿಜಿಯೋಸಸ್’ ಅಲ್ಲ. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆಯಲ್ಲಿ ‘ಅಸ್’ ಇದ್ದರೂ ಸಹ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅರಳಿಗೂ ಹುಣಸೆಗೂ ಹೆಸರು ಕೊಟ್ಟಾಗ ಇದನ್ನೇ ಪಾಲಿಸಿದ. ಅವತ್ತಿನಿಂದ ಒಂದು ಹೆಸರನ್ನೂ ನಾನು ನೋಡದೆ ತಿದ್ದಿಲ್ಲ.

ಕೊತ್ತಂಬರಿ, ಕೇಸರಿಯ ಹೆಸರು ಸರಿಮಾಡಿ. ಕುಟುಂಬದ ಸಾಲು ತೆಗೆದು ಮತ್ತೆ ಕಳಿಸಿ, ಕಾಯುತ್ತೇನೆ. ಐದನೇ ಪ್ಯಾರಾದಲ್ಲಿ ಎಳ್ಳನ್ನು ‘ಸೆಸಮಮ್ ಇಂಡಿಕಾ’ ಅಂದಿದ್ದೀರಿ. ಅದನ್ನೂ ಒಮ್ಮೆ ನೋಡಿ.