ಗುರಿ ಮುಟ್ಟಿದ ರೋಬೋಟ್ ಆಮೇಲೆ ಎಲ್ಲಿರುತ್ತದೆ?

ಪ್ರಶ್ನೆ: ನಾನು ಎಂ.ಟೆಕ್. ಎರಡನೇ ವರ್ಷದ ವಿದ್ಯಾರ್ಥಿ. ಗೋದಾಮಿನಲ್ಲಿ ಹತ್ತಾರು ರೋಬೋಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಓಡಾಡಲು ದಾರಿ ಹುಡುಕುವ ಪ್ರೋಗ್ರಾಂ ಬರೆದಿದ್ದೇನೆ. ನಾನು ಓದಿದ ಒಂದು ಸಂಶೋಧನಾ ಪೇಪರಿಗಿಂತ ನನ್ನ ಫಲಿತಾಂಶ ಚೆನ್ನಾಗಿದೆ. ಆದರೆ ನಮ್ಮ ಗೈಡ್ 'ಈ ಹೋಲಿಕೆ ನಿಲ್ಲುವುದಿಲ್ಲ' ಎಂದು ವಾಪಸ್ ಕೊಟ್ಟರು. ಯಾಕೆ? ಇನ್ನೊಂದು ವಿಷಯ, ರೋಬೋಟ್ ಕೊಳ್ಳಲು ಕಾಲೇಜಿನಲ್ಲಿ ದುಡ್ಡಿಲ್ಲ. ಬರೀ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದು) ಸಾಕಾ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಬೇಜಾರು ಮಾಡಿಕೊಳ್ಳಬೇಡಿ. ಪ್ರೋಗ್ರಾಂ ಕೆಟ್ಟದು ಅಂತ ಅವರು ಹೇಳಿಲ್ಲ ಅಲ್ವಾ? ನೀವು ಬಿಡಿಸಿದ ಲೆಕ್ಕ ಮತ್ತು ಆ ಪೇಪರಿನವರು ಬಿಡಿಸಿದ ಲೆಕ್ಕ ಒಂದೇನಾ ಎಂಬುದು ಅವರ ಪ್ರಶ್ನೆ.

ಒಂದು ಹಾಳೆ ತೆಗೆದುಕೊಳ್ಳಿ. ಸಾಲಾಗಿ ಐದು ಚೌಕ ಬರೆಯಿರಿ. ಇದು ಒಂದೇ ರೋಬೋಟ್ ಹಿಡಿಯುವ ಇಕ್ಕಟ್ಟಾದ ದಾರಿ. 'ಅ' ಎಂಬ ರೋಬೋಟ್ ಎರಡನೇ ಚೌಕದಲ್ಲಿದೆ, ಅದರ ಗುರಿ ಮೂರನೇ ಚೌಕ. ಹಿಂದೆ ಮೊದಲ ಚೌಕದಲ್ಲಿ 'ಬ' ಇದೆ, ಅದು ಐದಕ್ಕೆ ಹೋಗಬೇಕು. ಒಂದು ಹೆಜ್ಜೆಯ ಹೊತ್ತಿನಲ್ಲಿ ಎರಡೂ ಒಟ್ಟಿಗೆ ಒಂದೊಂದು ಚೌಕ ಸರಿಯಬಹುದು, ಇಲ್ಲವೇ ನಿಂತಲ್ಲೇ ಕಾಯಬಹುದು. ಗುರಿ ಮುಟ್ಟಿದ ರೋಬೋಟ್ ಲೆಕ್ಕದಿಂದ ಮಾಯವಾಗುತ್ತದೆ ಎಂದುಕೊಂಡರೆ ಕೆಲಸ 4 ಹೆಜ್ಜೆಯಲ್ಲಿ ಮುಗಿಯುತ್ತದೆ. ಗುರಿಯಲ್ಲೇ ನಿಲ್ಲುತ್ತದೆ ಎಂದುಕೊಂಡರೆ? 'ಬ' ಎಂದಿಗೂ ದಾಟಲಾರದು. ಇಲ್ಲಿ ಉತ್ತರವೇ ಇಲ್ಲ!

ಇನ್ನೂ ಇದೆ. 'ಅ' ಬಿಟ್ಟ ಚೌಕಕ್ಕೆ ಅದೇ ಹೆಜ್ಜೆಯಲ್ಲಿ 'ಬ' ಕಾಲಿಡುವಂತಿಲ್ಲ ಎಂಬ ನಿಯಮ ಹಾಕಿದರೆ 4 ಇದ್ದದ್ದು 5 ಆಗುತ್ತದೆ. ಕೊನೆಯ ರೋಬೋಟ್ ತಲುಪುವ ಹೊತ್ತನ್ನು ಎಣಿಸದೆ ಎರಡೂ ರೋಬೋಟ್‌ಗಳ ಹೆಜ್ಜೆಯನ್ನು, ಕಾದ ಹೆಜ್ಜೆಯೂ ಸೇರಿ, ಕೂಡಿಸಿದರೆ ಅದೇ 5 ಹೋಗಿ 6 ಆಗುತ್ತದೆ. ರೋಬೋಟ್ ಎರಡೇ, ಚೌಕ ಐದೇ. ಆದರೂ ಮೂರು ಬೇರೆ ಬೇರೆ ಸಂಖ್ಯೆ ಬಂತು. ನಿಮ್ಮ ಪ್ರೋಗ್ರಾಂ ಇದರಲ್ಲಿ ಯಾವ ನಿಯಮ ಹಿಡಿದಿದೆ? ಆ ಪೇಪರಿನವರು ಯಾವುದು ಹಿಡಿದಿದ್ದರು? ಅದು ಗೊತ್ತಾಗದೆ ಯಾರು ಮುಂದೆ ಅಂತ ಹೇಳಲು ಬರುವುದಿಲ್ಲ.

ಬಹಳ ವರ್ಷ ಈ ಗೊಂದಲ ಇತ್ತು. ಒಂದೊಂದು ಗುಂಪು ಒಂದೊಂದು ನಿಯಮ ಇಟ್ಟುಕೊಂಡಿತ್ತು. 2019ರಲ್ಲಿ ಸಂಶೋಧಕರಾದ ರೋನಿ ಸ್ಟರ್ನ್, ನೇಥನ್ ಸ್ಟರ್ಟೆವಂಟ್ ಮತ್ತು ಜೊತೆಗಾರರು ಈ ನಿಯಮಗಳಿಗೆಲ್ಲ ಹೆಸರು ಕೊಟ್ಟು ಒಂದು ಕಡೆ ಬರೆದಿಟ್ಟರು. ಜೊತೆಗೆ ನಕ್ಷೆಗಳನ್ನೂ ಕೊಟ್ಟರು. ಅದರಲ್ಲಿ ಗೋದಾಮು, ಜಟಿಲ ದಾರಿ, ನಗರ, ಕಂಪ್ಯೂಟರ್ ಆಟದ ನಕ್ಷೆ ಎಲ್ಲಾ ಇವೆ. ಯಾವ ರೋಬೋಟ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂಬ ಫೈಲ್‌ಗಳೂ ಇವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಈ ಕ್ಷೇತ್ರಕ್ಕೆ ಇದು ದೊಡ್ಡ ಉಪಕಾರ. ಹೊಸ ರೋಬೋಟ್ ಮಾಡಿದವರಿಗೆ ಸಿಗುವ ಹೆಸರು ಇಂಥ ಕೆಲಸ ಮಾಡಿದವರಿಗೂ ಸಿಗಬೇಕು.

ಇನ್ನು ಸಿಮ್ಯುಲೇಶನ್. ದಾರಿ ಹುಡುಕುವ ಪ್ರೋಗ್ರಾಂ ಒಂದನ್ನೇ ಅಳೆಯುವುದಾದರೆ ಸಾಕು. 'ಗೋದಾಮಿನಲ್ಲಿ ನಡೆಯುತ್ತದೆ' ಎಂದು ಬರೆಯುವುದಾದರೆ ಸಾಲದು. ನಮ್ಮ ಲ್ಯಾಬಿನಲ್ಲಿ ಸ್ಕ್ರೀನ್ ಮೇಲೆ ಒಂದು ಸಲವೂ ತಪ್ಪದ ಪ್ರೋಗ್ರಾಂ ನೆಲಕ್ಕೆ ಬಿಟ್ಟ ಮೊದಲ ದಿನವೇ ಕೈಕೊಟ್ಟಿತು. ಟೈಲ್ಸ್ ಸಂದಿಯಲ್ಲಿ ಒಂದು ಚಕ್ರ ಕ್ಷಣ ಹೊತ್ತು ಸಿಕ್ಕಿಕೊಂಡಿತು, ಅಷ್ಟೇ. ಹಿಂದೆ ಬರುತ್ತಿದ್ದ ಮೂರು ರೋಬೋಟ್ ಒಂದರ ಬೆನ್ನಿಗೆ ಒಂದು ಹೋಗಿ ಗುದ್ದಿದವು. ಪ್ರೋಗ್ರಾಂನಲ್ಲಿ ಎಲ್ಲರ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳುತ್ತದೆ, ನೆಲದ ಮೇಲೆ ಹಾಗಲ್ಲ.

ದುಡ್ಡಿಲ್ಲದವರಿಗೆಂದೇ ಕೆಲವರು ಯೋಚನೆ ಮಾಡಿದ್ದಾರೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮ್ಯಾಗ್ನಸ್ ಎಗರ್‌ಸ್ಟೆಟ್ ಅವರ ತಂಡ 2017ರಲ್ಲಿ ರೋಬೋಟೇರಿಯಂ ಎಂಬ ಲ್ಯಾಬ್ ತೆರೆಯಿತು. ದೂರದಲ್ಲಿರುವವರು ಮ್ಯಾಟ್‌ಲ್ಯಾಬ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕಳಿಸಿದರೆ ಅಲ್ಲಿನ ನಿಜವಾದ ರೋಬೋಟ್‌ಗಳ ಮೇಲೆ ಓಡಿಸಿ, ವಿಡಿಯೊ ಮತ್ತು ಡೇಟಾ ವಾಪಸ್ ಕೊಡುವುದು ಅದರ ಕ್ರಮ. ಗುರುತು ಪರಿಚಯ ಇಲ್ಲದವರ ಪ್ರೋಗ್ರಾಂ ಓಡಿಸುವಾಗ ರೋಬೋಟ್ ಮುರಿದರೆ? ಅದಕ್ಕೂ ದಾರಿ ಮಾಡಿದ್ದಾರೆ. ಡಿಕ್ಕಿ ಆಗುವ ಹಾಗಿದ್ದರೆ ಮಾತ್ರ ನಿಮ್ಮ ಆದೇಶವನ್ನು ಎಷ್ಟು ಬೇಕೋ ಅಷ್ಟೇ ತಿದ್ದುವ ಒಂದು ಸಾಫ್ಟ್‌ವೇರ್ ಪದರ ನಡುವೆ ಕೂತಿರುತ್ತದೆ. ಅಲ್ಲಿ ಓಡಿಸಿದರೆ ಆ ಪದರ ಎಲ್ಲೆಲ್ಲಿ ಕೈ ಹಾಕಿರಬಹುದು ಅಂತ ನೋಡಿಕೊಳ್ಳಿ. ಯಾಕೆಂದರೆ ಆ ಜಾಗದಲ್ಲಿ ಓಡಿದ್ದು ಪೂರ್ತಿ ನಿಮ್ಮ ಪ್ರೋಗ್ರಾಂ ಅಲ್ಲ.

ಸ್ವಂತಕ್ಕೆ ಮಾಡಿಕೊಳ್ಳುವ ಆಸೆ ಇದ್ದರೆ ಹಾರ್ವರ್ಡ್‌ನವರ ಕಿಲೋಬಾಟ್ ವಿನ್ಯಾಸ ಮುಕ್ತವಾಗಿದೆ. ಸುಮಾರು 3 ಸೆಂಟಿಮೀಟರ್ ಅಗಲದ, ಚಕ್ರವಿಲ್ಲದೆ ನಡುಗುತ್ತಾ ಸರಿಯುವ ಪುಟ್ಟ ರೋಬೋಟ್. 2014ರಲ್ಲಿ ಅಂಥ 1024 ರೋಬೋಟ್ ಸೇರಿಸಿ ಆಕಾರ ಕಟ್ಟಿ ತೋರಿಸಿದ್ದರು. ಆದರೆ ನಿಮ್ಮ ಗೋದಾಮಿನ ಲೆಕ್ಕಕ್ಕೆ ಅದು ತೀರಾ ನಿಧಾನ.

ಸದ್ಯಕ್ಕೆ ಹೀಗೆ ಮಾಡಿ. ನಿಮ್ಮ ನಿಯಮಗಳನ್ನು ಒಂದು ಪ್ಯಾರಾದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆ ಪೇಪರಿನವರ ಕೋಡ್ ಸಿಕ್ಕಿದರೆ ಅದನ್ನೂ ನಿಮ್ಮದನ್ನೂ ಅದೇ ನಿಯಮದಲ್ಲಿ, ಒಂದೇ ಕಂಪ್ಯೂಟರಿನಲ್ಲಿ, 2019ರ ಗೋದಾಮು ನಕ್ಷೆಗಳ ಮೇಲೆ ಓಡಿಸಿ. ರೋಬೋಟ್‌ಗಳನ್ನು ಒಂದೊಂದಾಗಿ ಜಾಸ್ತಿ ಮಾಡುತ್ತಾ ಹೋಗಿ. ಎಷ್ಟನೆಯದಕ್ಕೆ ಯಾವ ಪ್ರೋಗ್ರಾಂ ಸೋತಿತು ಎಂಬುದನ್ನು ಮುಚ್ಚಿಡದೆ ಟೇಬಲಿನಲ್ಲಿ ಹಾಕಿ, ಗೈಡ್ ಹತ್ತಿರ ಮತ್ತೆ ಹೋಗಿ. ಆ ಟೇಬಲ್ ನನಗೂ ಕಳಿಸಿ, ಖಂಡಿತ ನೋಡುತ್ತೇನೆ.