ಸಿಂಗಪುರಕ್ಕೆ ಹೊರಟ ವಿಜಯನಗರದ ಹುಡುಗನಿಗೆ

ತಿಂಗಳಿಗೆ ಏಳು ಸಾವಿರ ಸಿಂಗಪುರ ಡಾಲರ್ ಸಂಬಳ ಸಾಕಾ, ಊಟಕ್ಕೆ ಏನು ಮಾಡೋದು, ಅಪ್ಪ ಅಮ್ಮನನ್ನು ಜೊತೆಗೆ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ.

ಊಟದ ಚಿಂತೆ ಬಿಡಿ. ಇಲ್ಲಿನ ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿಯಿಂದ ಕರಿಬೇವಿನವರೆಗೆ ಎಲ್ಲ ಸಿಗುತ್ತದೆ. ಸಂಬಳ ಒಬ್ಬರಿಗೆ ಸಾಕು, ರೂಮ್ ಹಂಚಿಕೊಂಡರೆ ಉಳಿಯುತ್ತದೆ ಕೂಡ. ಅಪ್ಪ ಅಮ್ಮ ಬಂದು ಹೋಗಬಹುದು. ಇಲ್ಲೇ ಇರಬೇಕು ಅಂದರೆ ನಿಮ್ಮ ಸಂಬಳ ತಿಂಗಳಿಗೆ ಕನಿಷ್ಠ 12,000 ಡಾಲರ್ ಇರಬೇಕು.

ಕೆಲಸ ಹೋದರೆ ಏನು ಗತಿ ಅಂತ ನೀವು ಕೇಳಲಿಲ್ಲ. ನಾನೂ ಬರುವಾಗ ಕೇಳಿರಲಿಲ್ಲ.

ಇಲ್ಲಿ ನಿಮ್ಮ ಪಾಸ್, ಅಂದರೆ ಕೆಲಸ ಮಾಡೋಕೆ ಸರ್ಕಾರ ಕೊಡುವ ಪರವಾನಗಿ, ಕಂಪನಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋಯಿತು ಅಂದರೆ ಪಾಸ್ ರದ್ದು, ಆಮೇಲೆ 30 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಹೊಸ ಪಾಸ್ ಸಿಗೋದೂ ಈಗ ಬಿಗಿ. ಅದಕ್ಕೆ ಬೇಕಾದ ಕನಿಷ್ಠ ಸಂಬಳ 2025ರಲ್ಲಿ 5,600 ಡಾಲರ್ ಆಯಿತು, ವಯಸ್ಸು ಏರಿದಂತೆ ಅದೂ ಏರುತ್ತದೆ. 2023ರಿಂದ ಅರ್ಜಿಗೆ ಕಂಪಾಸ್ ಅಂತ ಅಂಕ ಕೊಡುವ ಲೆಕ್ಕ ಬೇರೆ. ಸಿಂಗಪುರ 1965ರಲ್ಲಿ ಸ್ವತಂತ್ರವಾದಾಗ ಇಲ್ಲಿನವರಿಗೇ ಕೆಲಸ ಸಾಲುತ್ತಿರಲಿಲ್ಲ. ಜುರಾಂಗ್‌ನ ಜೌಗು ನೆಲ ತುಂಬಿಸಿ ಕಾರ್ಖಾನೆ ತಂದವರು ಇವರು. ಒಳ್ಳೆ ಕೆಲಸ ಮೊದಲು ತಮ್ಮವರಿಗೆ ಸಿಗಲಿ ಅನ್ನೋದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಸರೋಜಿನಿ ಮಹಿಷಿ ವರದಿ ಕನ್ನಡಿಗರಿಗೆ ಕೇಳಿದ್ದೂ ಅದನ್ನೇ ಅಲ್ವಾ?

ನಾನು ಬಂದಿದ್ದು 2008ರಲ್ಲಿ. ಮರುವರ್ಷವೇ ಆರ್ಥಿಕ ಮಂದಗತಿ. ಸರ್ಕಾರ ಜಾಬ್ಸ್ ಕ್ರೆಡಿಟ್ ಅಂತ ಸಂಬಳದ ಒಂದು ಪಾಲನ್ನು ಕಂಪನಿಗಳಿಗೆ ಕೊಟ್ಟಿತು. ಅದು ನಾಗರಿಕರು ಮತ್ತು ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇದ್ದವರ ಲೆಕ್ಕಕ್ಕೆ ಮಾತ್ರ. ಕೆಲಸದಿಂದ ತೆಗೆಯುವವರ ಪಟ್ಟಿಗೆ ನಮ್ಮಂಥವರ ಹೆಸರು ಮೊದಲು ಹೋಯಿತು.

ಮನೆಗೆ ಹೇಳಲಿಲ್ಲ. ದಿನಾ ಸಂಜೆ, ಆಫೀಸ್ ಬಿಡುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ "ಈಗ ತಾನೇ ಹೊರಟೆ ಅಪ್ಪ" ಅನ್ನುತ್ತಿದ್ದೆ. ಯುಗಾದಿಗೆ ಬಾ ಅಂದರು. ರಜೆ ಇಲ್ಲ ಅಂದೆ. ಆ ಅಪ್ಪ 1980-81ರ ಬೆಂಗಳೂರಿನ ಕಾರ್ಖಾನೆಗಳ ಮುಷ್ಕರದಲ್ಲಿ 77 ದಿನ ಸಂಬಳವಿಲ್ಲದೆ ಸಂಸಾರ ನಡೆಸಿದವರು. ಕೆಲಸವಿಲ್ಲದ ಗಂಡಸಿನ ಮುಖ ಹೇಗಿರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನನಗೆ ಕೊನೆಯ ವಾರದಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಆ ಸುಳ್ಳು ಹಾಗೇ ಉಳಿಯಿತು.

ಇಲ್ಲಿಗೆ ಬಂದಿದ್ದಕ್ಕೆ ಬೇಸರವಿಲ್ಲ. ಇಬ್ಬರು ತಂಗಿಯರ ಮದುವೆ ಈ ದುಡ್ಡಿನಲ್ಲೇ ಆಯಿತು. ನೀವೂ ಬನ್ನಿ. ಆರು ತಿಂಗಳ ಖರ್ಚು ಕೈಗೆ ಬರುವ ತನಕ ಊರಲ್ಲಿ ಸೈಟ್‌ಗೆ ಅಡ್ವಾನ್ಸ್ ಕೊಡಬೇಡಿ. ಆಫರ್ ಲೆಟರ್‌ನಲ್ಲಿ ನೋಟಿಸ್ ಎಷ್ಟು ದಿನ ಅಂತಿದೆ ನೋಡಿ. ಸಹಿ ಹಾಕುವ ಮುಂಚೆ ನಿಮ್ಮ ತಂದೆಯವರಿಗೂ ಅದನ್ನು ಓದಿ ಹೇಳಿ, ಆ 30 ದಿನದ ವಿಷಯ ಸೇರಿಸಿ.