ಹೊಸ ಟ್ಯೂನಿಂಗ್ ನಾಬ್ ಓಲಾಡುತ್ತಿದ್ದರೆ ಮೊದಲು ಶಾಫ್ಟ್ ಅಳೆಯಿರಿ

ಹಳೆಯ ಹ್ಯಾಮ್ ರಿಗ್‌ನ (ಹವ್ಯಾಸಿ ರೇಡಿಯೊ ಸೆಟ್‌ನ) ಟ್ಯೂನಿಂಗ್ ನಾಬ್ ಒಡೆದಿದೆ, ಬೇರೆ ತಂದು ಹಾಕಿದರೆ ಓಲಾಡುತ್ತದೆ, ನಾಬ್ ಪಕ್ಕದ ಸ್ಕ್ರೂ ಎಷ್ಟು ಬಿಗಿದರೂ ಸರಿಹೋಗುತ್ತಿಲ್ಲ ಅಂತ ಕೇಳಿದ್ದೀರಿ. ಮೊದಲು ಬಿಗಿಯುವುದನ್ನು ನಿಲ್ಲಿಸಿ. ಇನ್ನೂ ಬಿಗಿದರೆ ನಾಬ್‌ನ ಥ್ರೆಡ್ಡೇ ಹೋಗುತ್ತದೆ.

ನನಗೆ ಅನುಮಾನ ಇರುವುದು ಅಳತೆಯ ಮೇಲೆ. ನಾಬ್ ಕೂರುವ ಕಡ್ಡಿ, ಅಂದರೆ ಶಾಫ್ಟ್, ಹೆಚ್ಚಾಗಿ ಸಿಗುವುದು ಎರಡು ಗಾತ್ರದಲ್ಲಿ: 6 ಮಿ.ಮೀ. ಮತ್ತು ಕಾಲು ಇಂಚು, ಅಂದರೆ 6.35 ಮಿ.ಮೀ. ಜಪಾನಿನ ರಿಗ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು, ಹಳೆಯ ಅಮೆರಿಕನ್ ಸೆಟ್‌ಗಳಲ್ಲಿ ಎರಡನೆಯದು. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಮಾತ್ರ ಗೊತ್ತಾಗೋದು. ಕಾಲು ಇಂಚಿನ ನಾಬ್ 6 ಮಿ.ಮೀ. ಶಾಫ್ಟ್ ಮೇಲೆ ಸುಲಭವಾಗಿ ಕೂರುತ್ತದೆ, ಆದರೆ ಸ್ಕ್ರೂ ಶಾಫ್ಟನ್ನು ಒಂದು ಪಕ್ಕಕ್ಕೆ ಒತ್ತುತ್ತದೆ. ಆಗ ನಾಬ್‌ನ ನಡು ಸುಮಾರು 0.17 ಮಿ.ಮೀ. ಸರಿಯುತ್ತದೆ. ಇಷ್ಟೇ ಇಷ್ಟು ಅನ್ನಿಸಬಹುದು, ಆದರೆ ದೊಡ್ಡ ನಾಬ್ ತಿರುಗಿಸುವ ಬೆರಳಿಗೆ ಇದು ಚೆನ್ನಾಗಿಯೇ ತಿಳಿಯುತ್ತದೆ.

ಪರಿಹಾರ ಸುಲಭ. 6ರಿಂದ 6.35ಕ್ಕೆ ಹೊಂದಿಸುವ ಹಿತ್ತಾಳೆಯ ತೆಳು ಸ್ಲೀವ್ (ಕೊಳವೆ) ಸಿಗುತ್ತದೆ. ಇಲ್ಲವಾದರೆ 0.15 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯನ್ನು ಶಾಫ್ಟ್‌ಗೆ ಒಂದೇ ಸುತ್ತು ಸುತ್ತಿ. ಸ್ಕ್ರೂ ಬರುವ ಕಡೆ ಸಂದಿ ಬಿಡಿ, ಸ್ಕ್ರೂ ನೇರವಾಗಿ ಶಾಫ್ಟನ್ನೇ ಹಿಡಿಯಬೇಕು. ಟೇಪ್ ಮಾತ್ರ ಸುತ್ತಬೇಡಿ, ಸ್ವಲ್ಪ ದಿನಕ್ಕೆ ಹಿಂಡಿಹೋಗಿ ಮತ್ತೆ ಸಡಿಲವಾಗುತ್ತದೆ. ಇದಕ್ಕೆ ಉಲ್ಟಾ ಆಗಿ 6 ಮಿ.ಮೀ. ನಾಬ್ ಕಾಲು ಇಂಚಿನ ಶಾಫ್ಟ್‌ಗೆ ಹೋಗದಿದ್ದರೆ ಕೈ ಡ್ರಿಲ್‌ನಲ್ಲಿ ತೂತು ದೊಡ್ಡದು ಮಾಡಲು ಹೋಗಬೇಡಿ. ತೂತು ಓರೆಯಾಗುವುದು ಹೆಚ್ಚುಕಡಿಮೆ ಖಂಡಿತ. ಬೇರೆ ನಾಬ್ ತರುವುದೇ ವಾಸಿ.

ಶಾಫ್ಟ್ ಒಂದು ಪಕ್ಕ ಚಪ್ಪಟೆ ಇದ್ದರೆ ಸ್ಕ್ರೂ ಆ ಚಪ್ಪಟೆಯ ಮೇಲೇ ಬರಬೇಕು. ಸ್ಕ್ರೂ ಎರಡಿದ್ದರೆ ಒಂದನ್ನೇ ಪೂರ್ತಿ ಬಿಗಿಯದೆ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಕ್ರೂ ತಿರುಗಿಸುವ ಆರು ಮೂಲೆಯ ಅಲೆನ್ ಕೀ ಕೂಡ ನೋಡಿ ತಗೊಳ್ಳಿ: 1.5 ಮಿ.ಮೀ. ಕೀಯನ್ನು 1/16 ಇಂಚಿನ ಸ್ಕ್ರೂಗೆ ಹಾಕಿದರೆ ಮೂಲೆಗಳು ಸವೆದು ಆಮೇಲೆ ಬಿಚ್ಚೋಕೇ ಬರಲ್ಲ.

ನಾಬ್ ಪ್ಯಾನೆಲ್‌ಗೆ ಉಜ್ಜದಿರಲು ನಾನು ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು, ನಾಬ್ ಒತ್ತಿ ಹಿಡಿದು, ಸ್ಕ್ರೂ ಬಿಗಿದು, ಕಾರ್ಡ್ ಎಳೆದುಬಿಡುತ್ತೇನೆ. ಹಳೆಯದರ ಹಿಂದೆ ಫೆಲ್ಟ್ ರಿಂಗ್ ಇತ್ತಾ? ಹಾಗಿದ್ದರೆ ಎಸೆಯಬೇಡಿ. ನಾಬ್ ತಿರುಗಿಸುವಾಗ ಸಿಗುವ ಆ ಮೆತ್ತನೆಯ ಬಿಗಿ ಅದರದ್ದೇ.

ಭಾರದ ಲೋಹದ ನಾಬ್ ನನಗೂ ಇಷ್ಟ. ಒಮ್ಮೆ ತಿರುಗಿಸಿ ಬಿಟ್ಟರೆ ತಾನೇ ಸಾಗುತ್ತದೆ, ಬ್ಯಾಂಡ್ ಪೂರ್ತಿ ಜಾಲಾಡಲು ಸುಖ. ಆದರೆ ಒಳಗೆ ಬೇರಿಂಗ್ ಇಲ್ಲದ ಸಣ್ಣ ಎನ್‌ಕೋಡರ್ (ನಾಬ್ ತಿರುಗಿದ್ದನ್ನು ಸೆಟ್‌ಗೆ ತಿಳಿಸುವ ಭಾಗ) ಇದ್ದರೆ ಅಷ್ಟು ಭಾರ ಹೇರಬೇಡಿ, ಶಾಫ್ಟನ್ನು ಹಿಡಿದಿರುವ ಬುಷ್ ಬೇಗ ಸವೆಯುತ್ತದೆ.

ಇದೇ ಕೆಲಸವನ್ನು ಆಂಟೆನಾ ಟ್ಯೂನರ್‌ನಲ್ಲಿ (ರಿಗ್‌ಗೆ ಆಂಟೆನಾವನ್ನು ಹೊಂದಿಸುವ ಪೆಟ್ಟಿಗೆಯಲ್ಲಿ) ಮಾಡುವುದಾದರೆ ಲೋಹದ ನಾಬ್ ಯೋಚನೆ ಬಿಟ್ಟುಬಿಡಿ. ಕೆಲವು ಟ್ಯೂನರ್‌ಗಳಲ್ಲಿ ಕೆಪ್ಯಾಸಿಟರ್ ಶಾಫ್ಟ್ ಮೇಲೇ ಆರ್‌ಎಫ್ (ರೇಡಿಯೊ ತರಂಗದ) ವೋಲ್ಟೇಜ್ ಇರುತ್ತದೆ. ಪ್ಲಾಸ್ಟಿಕ್ ನಾಬ್ ಆದರೂ ಹೊರಗೆ ಕಾಣುವ ಸ್ಕ್ರೂಗೆ ಬೆರಳು ತಾಗಿದರೆ ಸುಡುತ್ತದೆ. ಸ್ಕ್ರೂ ಆಳದಲ್ಲಿ ಕೂರುವ ನಾಬ್ ಆರಿಸಿ, ಮೇಲಿನ ತೂತಿಗೆ ಮೇಣ ತುಂಬಿ.